ಅಮ್ಮನ ಪಾಲಿನ ಅಕ್ಕಿ

ನಮ್ಮ ಮನೆಯಲ್ಲಿ ಅಕ್ಕಿಗೆ ಯಾವತ್ತೂ ಬರವಿರಲಿಲ್ಲ. ತರಗುಪೇಟೆಯಲ್ಲಿ ನಮ್ಮದೇ ಅಕ್ಕಿ ಮಂಡಿ ಇತ್ತು. ಚಾಮರಾಜಪೇಟೆಯ ಮನೆಯಲ್ಲಿ ನಡುಮನೆಗೆ ಅಂಟಿಕೊಂಡಿದ್ದ ಉಗ್ರಾಣದಲ್ಲಿ ಸೂರು ಮುಟ್ಟುವ ಹಾಗೆ ಮೂಟೆಗಳನ್ನು ಪೇರಿಸಿಟ್ಟಿರುತ್ತಿದ್ದರು. ಬಾಗಿಲು ತೆಗೆದರೆ ಗೋಣಿ ಮತ್ತು ತೌಡಿನ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಹಬ್ಬಕ್ಕೆ ಸಣ್ಣಕ್ಕಿ, ದಿನದ ಊಟಕ್ಕೆ ದಪ್ಪಕ್ಕಿ, ಹಿತ್ತಲಿನ ಹಸುವಿಗೆ ನುಚ್ಚು. ಬಾಗಿಲಿಗೆ ಬರುವ ದಾಸಯ್ಯನ ಜೋಳಿಗೆಗೂ ಒಂದು ಪಾವು ಬೀಳುತ್ತಿತ್ತು. ಅಷ್ಟೆಲ್ಲ ಇದ್ದ ಮನೆಯಲ್ಲಿ ನನ್ನ ಅಮ್ಮ ಮಾತ್ರ ಅನ್ನ ತಿನ್ನುವಂತಿರಲಿಲ್ಲ.

ಇದು ವಿಚಿತ್ರ ಎಂದು ನನಗೆ ಬಹಳ ದಿನ ಅನ್ನಿಸಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ಮಕ್ಕಳು ಕೇಳುವುದಿಲ್ಲ. ಮಂಡಿಯಿಂದ ಅಪ್ಪ ಬರುತ್ತಿದ್ದರು, ಕೈಕಾಲು ತೊಳೆದು ಮಣೆಯ ಮೇಲೆ ಕೂರುತ್ತಿದ್ದರು. ಅವರ ಪಕ್ಕ ನಾನು, ಎದುರಿಗೆ ಗೋಡೆಗೆ ಒರಗಿ ಅಜ್ಜಿ. ಅಮ್ಮ ನಮಗೆಲ್ಲ ಬಿಸಿ ಅನ್ನ ಬಡಿಸಿ, ಸಾರು ಹಾಕಿ, ಮಜ್ಜಿಗೆಯ ತನಕ ನಿಂತೇ ಇರುತ್ತಿದ್ದಳು. ನಾವು ಎದ್ದ ಮೇಲೆ ಅಡುಗೆಮನೆಯ ಒಲೆಯ ಪಕ್ಕ ಕೂತು ಒಂದು ಮುದ್ದೆ ತಿನ್ನುತ್ತಿದ್ದಳು. ನಮ್ಮದು ಮುದ್ದೆ ಉಣ್ಣುವ ಊರಿನ ಕಡೆಯವರ ಮನೆಯೇ. ಅಜ್ಜಿಗೂ ಬೆಳಿಗ್ಗೆ ಮುದ್ದೆ ಬೇಕಾಗುತ್ತಿತ್ತು. ಆದರೆ ಅಮ್ಮನಿಗೆ ಹುಟ್ಟಿನಿಂದ ಅದರ ಅಭ್ಯಾಸವಿರಲಿಲ್ಲ. ಅವಳು ಕಡಲ ಕಡೆಯವಳು, ಕುಮಟೆಯ ಹತ್ತಿರ ಅಘನಾಶಿನಿ ಸಮುದ್ರ ಸೇರುವ ಅಳಿವೆಯ ಒಂದು ಹಳ್ಳಿಯವಳು. ಬಂದ ಹೊಸತರಲ್ಲಿ ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಗೊತ್ತಿಲ್ಲದೆ ಬಾಯಲ್ಲಿಟ್ಟುಕೊಂಡು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳಂತೆ. ಅದನ್ನು ನೋಡಲು ಅಜ್ಜಿ ಅಕ್ಕಪಕ್ಕದ ಹೆಂಗಸರನ್ನು ಕರೆಯುತ್ತಿದ್ದಳಂತೆ.

ಅಜ್ಜಿ ಅಂದರೆ ಅಪ್ಪನ ತಾಯಿ. ತಾತ ನಾನು ಹುಟ್ಟುವ ಮುಂಚೆಯೇ ತೀರಿಕೊಂಡು ನಡುಮನೆಯ ಗೋಡೆಯ ಮೇಲೆ ಪಟವಾಗಿದ್ದರು. ಆಮೇಲೆ ಮಂಡಿಯ ಲೇವಾದೇವಿಯನ್ನು ಗುಮಾಸ್ತರ ಕೈಯಲ್ಲಿ ನಡೆಸುತ್ತಿದ್ದವಳು ಅಜ್ಜಿಯೇ. ಅಪ್ಪ ಅವಳ ಒಬ್ಬನೇ ಮಗ. ಅಪ್ಪನಿಗೆ ಮೂರ್ಛೆ ಬರುತ್ತಿತ್ತು. ಮಾತಾಡುತ್ತ ಕೂತವರು ಇದ್ದಕ್ಕಿದ್ದಂತೆ ಬಿದ್ದು ಕೈಕಾಲು ಸೆಟೆದುಕೊಳ್ಳುತ್ತಿದ್ದರು. ಎದ್ದ ಮೇಲೆ ಬಿದ್ದದ್ದಕ್ಕೆ ಮನೆಯವರ ಕ್ಷಮೆ ಕೇಳುವವರಂತೆ ನಗುತ್ತಿದ್ದರು. ಅಜ್ಜಿ ತನ್ನ ಸೊಂಟದ ಕೀಲಿಗೊಂಚಲನ್ನು ಎರಡೇ ಕಾರಣಕ್ಕೆ ಬಿಚ್ಚುತ್ತಿದ್ದಳು, ಉಗ್ರಾಣ ತೆಗೆಯುವುದಕ್ಕೆ ಮತ್ತು ಬಿದ್ದ ಮಗನ ಮುಷ್ಟಿಗೆ ಕಬ್ಬಿಣ ಹಿಡಿಸುವುದಕ್ಕೆ.

ನನ್ನ ಮೇಲೆ ಅಜ್ಜಿಗೆ ವಿಪರೀತ ಪ್ರೀತಿ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಬೆರಳ ತುದಿಯಲ್ಲಿ ನುರಿದು ತಿನ್ನಿಸುತ್ತಿದ್ದಳು. ಅಮ್ಮ ಎದುರಿಗಿದ್ದರೆ ಇನ್ನೂ ನಿಧಾನವಾಗಿ ತಿನ್ನಿಸುತ್ತಿದ್ದಳು. ಒಂದು ದಿನ ಹಾಗೆ ತೊಡೆಯ ಮೇಲಿದ್ದಾಗಲೇ ಕೇಳಿದೆ:

"ಅಜ್ಜೀ, ಅಮ್ಮಂಗೆ ಯಾಕೆ ಅನ್ನ ಇಲ್ಲ?"

"ನಿಮ್ಮಮ್ಮನ ಪಾಲಿನ ಅಕ್ಕೀನ ಅವಳಣ್ಣ ಮದ್ವೆಗೆ ಮುಂಚೇನೇ ತಿಂದು ಕೈ ತೊಳ್ಕಂಡವ್ನೆ ಕಣವ್ವ. ಮೂಟೆ ಮೂಟೆ. ಇವಳು ಸಾಯೋಗಂಟ ತಿನ್ನೋದೆಲ್ಲ ಅವನೇ ತಿಂದಾಯ್ತು. ಇನ್ನೆಲ್ಲಿಂದ ತಂದು ಹಾಕ್ಲಿ? ಏನೇ ಉಪ್ನೋಳೇ, ಸುಳ್ಳಾ?"

ಅಮ್ಮನ ಹೆಸರು ನಾಗವೇಣಿ. ಮದುವೆಯಲ್ಲಿ ಅದನ್ನು ಬದಲಾಯಿಸಿ ಲಕ್ಷ್ಮಮ್ಮ ಎಂದಿಟ್ಟರು. ಆದರೆ ಆ ಹೆಸರನ್ನೂ ಯಾರೂ ಕರೆಯಲಿಲ್ಲ. ಅಜ್ಜಿಯ ಬಾಯಲ್ಲಿ ಅವಳು ಉಪ್ನೋಳು, ಉಪ್ಪಿನ ಊರಿನವಳು. ಅಮ್ಮ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದಳು. "ಸುಳ್ಳಲ್ಲ ಅತ್ತೆ" ಅಂದಳು.

ಆ ಕಟ್ಟಳೆಯನ್ನು ಅಜ್ಜಿ ಎಷ್ಟು ಬಿಗಿಯಾಗಿ ಕಾಯುತ್ತಿದ್ದಳು ಎಂಬುದಕ್ಕೆ ಒಂದು ಸಂಗತಿ ಸಾಕು. ಒಂದು ಸಲ ಪಕ್ಕದ ಮನೆಯವರು ದೇವಸ್ಥಾನದಿಂದ ಪುಳಿಯೋಗರೆ ಪ್ರಸಾದ ತಂದು ಹಿತ್ತಲ ಗೋಡೆಯ ಮೇಲಿನಿಂದ ಅಮ್ಮನ ಕೈಗೇ ಕೊಟ್ಟರು. ದೇವರದ್ದಲ್ಲವೇ ಎಂದು ಅಮ್ಮ ಅಲ್ಲೇ ಬಾಯಿಗೆ ಹಾಕಿಕೊಂಡಳು. ಒಳಗೆ ಬಂದ ಕೂಡಲೇ ಅಜ್ಜಿ ಅವಳ ಬಲಗೈಯನ್ನು ಹಿಡಿದು ಮೂಸಿದಳು. ಬಚ್ಚಲಿಗೆ ಕರೆದೊಯ್ದು, ಬಾಯಲ್ಲಿ ಬೆರಳು ಹಾಕಿ ಕಕ್ಕು ಅಂದಳು. ಅಮ್ಮ ಕಕ್ಕಿದಳು. ಆಮೇಲೆ ಒಂದು ತಿಂಗಳು ಅಮ್ಮನ ಸಾರಿಗೆ ಉಪ್ಪನ್ನೂ ನಿಲ್ಲಿಸಿದಳು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ನೋಡಿದೆ. ಅಪ್ಪ ನಡುಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಅವರು ಕೆಟ್ಟವರಲ್ಲ. ಒಂದು ಸಲ ಕೋಟಿನ ಜೇಬಿನಲ್ಲಿ ಎಲೆಯಲ್ಲಿ ಸುತ್ತಿದ ಎರಡು ಇಡ್ಲಿ ಅಡಗಿಸಿ ತಂದಿದ್ದರು. ಅಮ್ಮ ಹೆದರಿ ಅದನ್ನು ಹಸುವಿಗೆ ಹಾಕಿದಳು. ಆಮೇಲೆ ಅವರು ತರಲಿಲ್ಲ.

ಮಧ್ಯಾಹ್ನ ಅಜ್ಜಿ ಮಲಗಿದಾಗ ಅಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹಿತ್ತಲ ಜಗುಲಿಯ ಮೇಲೆ ಕಲ್ಲು ಆರಿಸಲು ಕೂರುತ್ತಿದ್ದಳು. ನಾನು ಅವಳ ಬೆನ್ನಿಗೆ ಆತುಕೊಂಡು ಕೂರುತ್ತಿದ್ದೆ. ಅವಳ ಊರನ್ನು ನಾನು ನೋಡಿದ್ದು ಆ ಜಗುಲಿಯಿಂದಲೇ. ಅಷ್ಟು ಹೊತ್ತು ಮಾತ್ರ ಅವಳ ಬಾಯಲ್ಲಿ ಅವಳ ಊರಿನ ಮಾತು ಬರುತ್ತಿತ್ತು.

ಅವಳ ಅಜ್ಜಿಯ ಕಾಲಕ್ಕೆ ಉಪ್ಪು ಬಿಳಿಯರ ಸರ್ಕಾರದ ಸೊತ್ತಾಗಿತ್ತು. ಬಾಗಿಲು ತೆಗೆದರೆ ಸಮುದ್ರ, ಆದರೆ ಚಿಟಿಕೆ ಉಪ್ಪನ್ನೂ ಹಾಗೆ ಎತ್ತಿಕೊಳ್ಳುವಂತಿಲ್ಲ. ಅಲೆ ಇಳಿದ ಮೇಲೆ ಬಂಡೆಯ ಕುಳಿಗಳಲ್ಲಿ ಬಿಸಿಲಿಗೆ ಬಿಳಿಯ ಪದರ ಕಟ್ಟುತ್ತಿತ್ತು. ಹೆಂಗಸರು ಅದನ್ನು ಚಿಪ್ಪಿನಿಂದ ಕೆರೆದು ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಉಪ್ಪಿನ ಕಾವಲಿನವರು ತೋಪಿನ ಮರೆಯಲ್ಲಿ ಕಾದಿರುತ್ತಿದ್ದರು. ಒಮ್ಮೆ ಅವಳ ಅಜ್ಜಿ ಸಿಕ್ಕಿಬಿದ್ದಾಗ, ಚಾವಡಿಯ ಮುಂದೆ ಊರವರನ್ನೆಲ್ಲ ನಿಲ್ಲಿಸಿ, ಮಡಿಲಲ್ಲಿದ್ದ ಅಷ್ಟೂ ಉಪ್ಪನ್ನು ಅವಳಿಂದಲೇ ತಿನ್ನಿಸಿದರಂತೆ. ನೀರು ಕೊಟ್ಟವರಿಗೆ ಛಡಿ ಏಟು ಎಂದು ಸಾರಿದ್ದರಂತೆ.

"ಯಾರೂ ನೀರು ಕೊಡ್ಲಿಲ್ವಾ ಅಮ್ಮ?"

"ಯಾರು ಕೊಡ್ತ್ರು ಪುಟ್ಟಿ? ಹೆದರಿಕೆ. ಆಮೇಲೆ ಮನೆಗೆ ಬಂದು ಬಿಂದಿಗೆಗೇ ಬಾಯಿ ಇಟ್ಲಂತೆ."

ಅವಳ ಅಪ್ಪನ ಕಾಲಕ್ಕೆ ಹೆದರಿಕೆ ಸ್ವಲ್ಪ ಕಡಿಮೆಯಾಯಿತು. ಚಳವಳಿಯವರು ಬಂದು ಹಾಡು ಹೇಳುತ್ತ ಹಾಡಹಗಲಲ್ಲೇ ಉಪ್ಪು ಕೆರೆದಾಗ ಅವನೂ ಜೊತೆಗೆ ಹೋದ, ಜೈಲಿಗೂ ಹೋದ. ಹೊರಗೆ ಬಂದ ಮೇಲೆ ಕಂದಾಯ ಕೊಡುವುದಿಲ್ಲ ಅಂದವರ ಜೊತೆ ಸೇರಿಕೊಂಡ. ಸರ್ಕಾರ ಮನೆಯ ತಾಮ್ರದ ಪಾತ್ರೆ, ಎಮ್ಮೆ ಎಲ್ಲವನ್ನೂ ಅಂಗಳಕ್ಕೆ ತಂದು ಹರಾಜು ಕೂಗಿತು. ಊರಿನ ಒಬ್ಬರೂ ಕೂಗಲಿಲ್ಲ. ಹೊರಗಿನಿಂದ ಬಂದವನೊಬ್ಬ ಎಲ್ಲ ಎತ್ತಿಕೊಂಡು ಹೋದ. ಗದ್ದೆಯೂ ಅವನ ಪಾಲಾಯಿತು. ಅದು ಗಜನಿ ಗದ್ದೆ, ಅಳಿವೆಯ ಅಂಚಿನಲ್ಲಿ ಕಟ್ಟೆ ಕಟ್ಟಿ ಉಪ್ಪುನೀರನ್ನು ತಡೆದು ಬೆಳೆಯುವಂಥದ್ದು. ಕಟ್ಟೆಗೆ ವರ್ಷವರ್ಷವೂ ಮಣ್ಣು ಹಾಕಬೇಕು. ಹೊಸಬ ಪೇಟೆಯಲ್ಲಿದ್ದ, ಮಣ್ಣು ಹಾಕಿಸಲಿಲ್ಲ. ಒಂದು ಮಳೆಗಾಲ ಕಟ್ಟೆ ಒಡೆದು ಊರಿನ ಗದ್ದೆಗಳಿಗೆಲ್ಲ ಸಮುದ್ರ ನುಗ್ಗಿತು. ಅಮ್ಮನ ಅಪ್ಪ ತನ್ನದಲ್ಲದ ಆ ಕಟ್ಟೆಯ ಮೇಲೆ ನಿಂತು, ಕೈಯಲ್ಲಿ ಕೆಸರು ಹಿಡಿದುಕೊಂಡು ಅತ್ತನಂತೆ. ಜೈಲಿನಲ್ಲಿ ಹತ್ತಿದ ಕೆಮ್ಮು ಅವನನ್ನು ಬಿಡಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. ಕುಮಟೆಗೆ ಬರುತ್ತಿದ್ದ ಹೊಗೆಯ ಹಡಗು, ಆಗಬೋಟು, ನಿಂತುಹೋಯಿತು. ಸಮುದ್ರದ ಕಡೆಗೆ ದೀಪ ಕಾಣುವಂತಿಲ್ಲ ಎಂದು ಡಂಗುರ ಹೊಡೆದರು. ಬೇಲೆಯ, ಅಂದರೆ ಕಡಲದಂಡೆಯ, ಮೇಲೆ ವಿಮಾನ ಹಾರಿದರೆ ಮಕ್ಕಳು ಮಂಚದ ಕೆಳಗೆ ನುಗ್ಗುತ್ತಿದ್ದರು. ಅದಕ್ಕಿಂತ ದೊಡ್ಡ ಪೆಟ್ಟೆಂದರೆ ರಂಗೂನಿನ ಅಕ್ಕಿ ನಿಂತದ್ದು. ತಮ್ಮ ಗದ್ದೆ ಮುಳುಗಿದ ಮೇಲೆ ಆ ಕಡೆಯವರೆಲ್ಲ ಹಡಗಿನಲ್ಲಿ ಬರುತ್ತಿದ್ದ ಆ ಅಕ್ಕಿಯನ್ನೇ ನಂಬಿದ್ದರು. ಮಾವಿನ ಗೊರಟನ್ನು ನೀರಲ್ಲಿ ನೆನೆಸಿ, ಕಹಿ ಬಸಿದು, ಹಿಟ್ಟು ಮಾಡಿ ತಿಂದರು. ಬೈನೆ ಮರ ಕಡಿದು ಅದರ ತಿರುಳನ್ನು ಕುಟ್ಟಿ ಗಂಜಿ ಕಾಸಿದರು. ಆ ವರ್ಷವೇ ಅಮ್ಮನ ಅಪ್ಪ ಸತ್ತ. ಅವಳ ತಾಯಿ, ಅವ್ವಿ, ಚಾಪೆ ಹಿಡಿದಳು. ಮನೆಯಲ್ಲಿ ದುಡಿಯುವವನೆಂದರೆ ಅಣ್ಣ ಬೊಮ್ಮಯ್ಯ, ಅವನಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಅವನ ಕೆಳಗೆ ಹದಿಮೂರರ ಅಮ್ಮ. ಕೊನೆಯವನು ಮಂಜ, ನಡೆಯಲು ಕಲಿತಿದ್ದವನು ಮತ್ತೆ ಕೂತುಬಿಟ್ಟಿದ್ದ. ಅವನ ಹೊಟ್ಟೆ ಉಬ್ಬಿತ್ತು, ಕಾಲುಗಳು ಕಡ್ಡಿಯಂತಾಗಿದ್ದವು. ಅವ್ವಿಗೆ ಎತ್ತಿಕೊಳ್ಳಲು ಕೈಲಾಗದೆ ಅವನು ಹಗಲೆಲ್ಲ ಅಮ್ಮನ ಸೊಂಟದ ಮೇಲೆಯೇ ಇರುತ್ತಿದ್ದ.

ಆಗ ಘಟ್ಟ ಇಳಿದು ನನ್ನ ತಾತ ಬಂದರು. ಮೈಸೂರು ಸೀಮೆಯಿಂದ ಆ ಕಡೆಗೆ ಧಾನ್ಯ ಸಾಗಿಸುವುದಕ್ಕೆ ತಡೆ ಇದ್ದ ಕಾಲ. ತಾತ ಹುಣಸೆಹಣ್ಣಿನ ಕೆಳಗೆ ಅಕ್ಕಿ ಬಚ್ಚಿಟ್ಟು ಗಾಡಿಯಲ್ಲಿ ತಂದು ಬಾಯಿಗೆ ಬಂದ ಬೆಲೆಗೆ ಮಾರುತ್ತಿದ್ದರು. ಮೂರ್ಛೆಯ ಮಗನಿಗೆ ಬೆಂಗಳೂರಿನ ಸುತ್ತ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ತಾತ ಬೊಮ್ಮಯ್ಯನನ್ನು ಕೂರಿಸಿಕೊಂಡು, ನೀವೂ ಒಕ್ಕಲು ಮಕ್ಕಳು, ನಾವೂ ಒಕ್ಕಲು ಮಕ್ಕಳು, ಹುಡುಗಿ ಕೊಡು, ಅಕ್ಕಿ ಕೊಡುತ್ತೇನೆ ಅಂದರು. ಹುಡುಗಿ ಮೊದಲು, ಅಕ್ಕಿ ಮುಂದಿನ ಗಾಡಿಯಲ್ಲಿ. ಬೊಮ್ಮಯ್ಯ ಅಮ್ಮನನ್ನು ಕೇಳಿದ. ಅವಳು ಮಂಜನ ಮುಖ ನೋಡಿ ಹೂಂ ಅಂದಳು. ಹೊರಡುವಾಗ ಮಂಜ ಅವಳ ಜಡೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಅಪ್ಪನಿಗೆ ಮೂರ್ಛೆ ಇದೆ ಎಂದು ಅವಳಿಗೆ ತಿಳಿದದ್ದು ಧಾರೆಯ ಮಣೆಯ ಮೇಲೆ ಅವರು ಬಿದ್ದಾಗ. ಅಜ್ಜಿ ಕೀಲಿಗೊಂಚಲನ್ನು ಅವಳ ಕೈಗೆ ತುರುಕಿ, ಹಿಡಿಸು ಅವನಿಗೆ, ಇನ್ನು ಇದು ನಿನ್ನ ಕೆಲಸ ಅಂದಳಂತೆ.

ಇಷ್ಟನ್ನೂ ಅಮ್ಮ ಅಳದೆ ಹೇಳುತ್ತಿದ್ದಳು. ನಾನು ಬೆಳೆದ ಹಾಗೆ ನನಗೇ ಸಿಟ್ಟು ಬರತೊಡಗಿತು. ಒಂದು ದಿನ ಮೊರವನ್ನು ಅವಳ ಕೈಯಿಂದ ಕಿತ್ತುಕೊಂಡೆ.

"ನೀನು ತಿನ್ನಲ್ಲ, ನೀನ್ಯಾಕೆ ಕಲ್ಲು ಆರಿಸ್ಬೇಕು?"

"ಇರ್ಲಿ ಕೊಡೆ ಪುಟ್ಟಿ. ಆ ಅಕ್ಕಿ ಉಂಡು ಮಂಜ ಬದುಕ್ಕಂಡ. ಒಂದು ಜೀವಕ್ಕೆ ಎಷ್ಟು ಅನ್ನ ಬೇಕು ಹೇಳು? ನಾ ಬಿಟ್ಟದ್ದು ಅವನ ಹೊಟ್ಟೆಗೆ ಹೋಯ್ತು ಹೇಳಿ ತಿಳ್ಕಂಡ್ರೆ ಮುದ್ದೆ ತಾನಾಗೇ ಇಳೀತದೆ."

ಅವಳಿಗೆ ಮಂಜ ದಿನವೂ ಬೆಳೆಯುತ್ತಿದ್ದ. ನನ್ನ ಹಾಲುಹಲ್ಲು ಬಿದ್ದಾಗ, ಮಂಜನಿಗೆ ಬಿದ್ದದ್ದು ಯಾವಾಗಲೋ ಅಂದಳು. ಬೀದಿಯಲ್ಲಿ ಆ ವಯಸ್ಸಿನ ಹುಡುಗನೊಬ್ಬ ಕಾಲೇಜಿಗೆ ಹೋಗಲು ಶುರುಮಾಡಿದಾಗ, ಕಿಟಕಿಯಿಂದ ಅವನ ಭುಜದ ಅಗಲವನ್ನು ನೋಡುತ್ತ ನಿಲ್ಲುತ್ತಿದ್ದಳು. ಮಂಜ ಈಗ ದೋಣಿ ಹತ್ತಿರಬಹುದು, ಇಲ್ಲ, ಅಣ್ಣ ಅವನನ್ನು ಶಾಲೆಗೆ ಹಾಕಿರಬಹುದು, ಅವನು ಯಾವತ್ತಾದರೂ ಒಂದು ದಿನ ಬೆಂಗಳೂರಿಗೆ ಬಂದರೆ ಈ ಬಾಗಿಲಿನಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಆ ಕಡೆಯಿಂದ ಒಂದು ಸುದ್ದಿಯೂ ಬರುತ್ತಿರಲಿಲ್ಲ. ಅಣ್ಣನಿಗೆ ಓದುಬರಹವಿಲ್ಲ, ಅವಳಿಗೂ ಇಲ್ಲ. ತವರಿಗೆ ಕಳಿಸುವ ಮಾತನ್ನು ಅಜ್ಜಿ ಎತ್ತಿದವಳೇ ಅಲ್ಲ.

ನನಗೆ ಒಂಬತ್ತು ನಡೆಯುತ್ತಿದ್ದಾಗ ಬೊಮ್ಮಯ್ಯ ಮಾವ ಬಂದರು. ತೆಂಗಿನಕಾಯಿ ಲಾರಿಯ ಜೊತೆ ಮೂಟೆ ಇಳಿಸುವ ಆಳಾಗಿ ಬೆಂಗಳೂರಿಗೆ ಬಂದವರು, ತರಗುಪೇಟೆಯಲ್ಲಿ ವಿಚಾರಿಸುತ್ತ ನಮ್ಮ ಮಂಡಿಗೆ ಬಂದಿದ್ದರು. ಅಪ್ಪನೇ ಅವರನ್ನು ಊಟದ ಹೊತ್ತಿಗೆ ಮನೆಗೆ ಕರೆದುಕೊಂಡು ಬಂದರು. ಮೊಣಕಾಲಿನ ಪಂಚೆ, ತಲೆಯಲ್ಲಿ ಆಗಲೇ ನೆರೆತ ಕೂದಲು, ಕಂಕುಳಲ್ಲಿ ಒಂದು ಸಣ್ಣ ಗಂಟು. ಬಾಗಿಲಲ್ಲಿ ನಿಂತು, ಒಳಗೆ ಕಾಲಿಡಬಹುದೇ ಎಂದು ಅಪ್ಪನ ಮುಖ ನೋಡಿದರು.

ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ನೋಡಿದ ಕೂಡಲೇ ಗುರುತು ಹಿಡಿದಳು. ಆದರೆ ಅವಳ ಕಣ್ಣು ಅಣ್ಣನನ್ನು ದಾಟಿ ಅವರ ಬೆನ್ನ ಹಿಂದೆ ಹೋಯಿತು.

"ಮಂಜ ಬರ್ಲಿಲ್ಲನ?"

"ಕೈಕಾಲು ತೊಳ್ಕಂಡು ಬತ್ತೆ ತಂಗಿ. ಧೂಳು" ಅಂದರು ಮಾವ.

ಅಜ್ಜಿ ಬಾಗಿಲಿಗೇ ಬಂದುಬಿಟ್ಟಳು. ಅವಳ ಮುಖದ ಮೇಲೆ ನಾನು ಯಾವತ್ತೂ ಕಾಣದ ಸಡಗರ. "ಬಾಪ್ಪಾ ಬೀಗ್ರೇ, ಇಷ್ಟು ವರ್ಷಕ್ಕೆ ದಾರಿ ಸಿಕ್ತಾ? ಏ ಉಪ್ನೋಳೇ, ಅಣ್ಣ ಬಂದವ್ನೆ ಕಣೇ. ಸಣ್ಣಕ್ಕಿ ಅನ್ನ ಮಾಡು. ಪಾಯಸ ಕಾಸು. ನೀನೇ ನಿಂತ್ಕಂಡು ಬಡಿಸ್ಬೇಕು." ಕೀಲಿ ಬಿಚ್ಚಿ ಅವಳೇ ಉಗ್ರಾಣ ತೆಗೆದಳು. ಬೇಕೆಂದೇ ಬಾಗಿಲನ್ನು ಅಗಲವಾಗಿ ತೆರೆದಿಟ್ಟಳು. ಊಟಕ್ಕೆ ಕೂತ ಮಾವನಿಗೆ ಆ ಮೂಟೆಗಳೆಲ್ಲ ಎದುರಿಗೇ ಕಾಣುತ್ತಿದ್ದವು.

ಬಾಳೆಲೆ ಹಾಕಿದರು. ಮಾವ, ಪಕ್ಕದಲ್ಲಿ ಅಪ್ಪ, ಆಮೇಲೆ ನಾನು. ಅಮ್ಮ ಅನ್ನದ ತಪ್ಪಲೆ ಹಿಡಿದು ಬಂದಳು. ಅಣ್ಣನ ಎಲೆಗೆ ಬಡಿಸುವಾಗ ಅವಳ ಮುಖ ಬೆಳಗುತ್ತಿತ್ತು. ತಾನು ಕೊಡಲಾಗದಿದ್ದದ್ದನ್ನು ಕೊನೆಗೂ ತನ್ನ ಕೈಯಾರೆ ಕೊಡುತ್ತಿದ್ದೇನೆ ಎನ್ನುವ ಹಾಗೆ. ಮಾವ ಮೊದಲ ತುತ್ತನ್ನು ಬಾಯಿಗಿಟ್ಟರು. ಅಜ್ಜಿ ಗೋಡೆಗೆ ಒರಗಿ ವೀಳ್ಯದೆಲೆಗೆ ಸುಣ್ಣ ಸವರುತ್ತ ಕೇಳಿದಳು:

"ಹೊಟ್ಟೆ ತುಂಬ ಉಣ್ಣಪ್ಪ. ನಮ್ಮನೆ ಅಕ್ಕಿ ನಿಂಗೇನು ಹೊಸದಾ? ಅವತ್ತು ಎಷ್ಟು ಕಾಲ ಬಂತು ಹೇಳು, ಆ ಮೂಟೆ?"

ಮಾವನ ಕೈ ನಿಂತಿತು.

"ಯಾವ ಮೂಟೆ ಅಮ್ಮ?"

"ತಂಗೀನ ಕೊಟ್ಟು ಇಸ್ಕಂಡ್ಯಲ್ಲ, ಅದು."

ಮಾವ ಅಪ್ಪನನ್ನು ನೋಡಿದರು, ಅಮ್ಮನನ್ನು ನೋಡಿದರು. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ ಹೇಳಿದರು:

"ಅಕ್ಕಿ ಬರ್ಲೇ ಇಲ್ಲಾಗಿತ್ತು ಅಮ್ಮ. ಗಾಡಿ ಬತ್ತದೆ ಹೇಳಿ ನಾನು ಘಟ್ಟದ ಬುಡದಲ್ಲೇ ಕಾದೆ. ಅಲ್ಲೇ ಮಲಗ್ದೆ, ಅಲ್ಲೇ ಎದ್ದೆ. ಮಳೆ ಹಿಡೀತು. ದಾರಿ ಮುಚ್ತು. ಗಾಡಿ ಬರ್ಲಿಲ್ಲ."

ಅಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. ಅಜ್ಜಿ ಎಲೆ ಮಡಚಿ ದವಡೆಗೆ ಇಟ್ಟುಕೊಂಡಳು. ಅವಳಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ಬರ್ಲಿಲ್ಲ ಅಂತ ನಂಗೂ ಗೊತ್ತು ಕಣಪ್ಪ. ದಾರೀಲೇ ಯಾರೋ ಒಳ್ಳೆ ಬೆಲೆ ಕೂಗುದ್ರು, ನಮ್ಮ ಯಜಮಾನ್ರು ಅಲ್ಲೇ ಇಳಿಸ್ಬಿಟ್ರು. ಇವತ್ತು ಬತ್ತೀಯ, ನಾಳೆ ಬತ್ತೀಯ, ಕೇಳ್ತೀಯ ಅಂತ ನೋಡ್ದೆ. ಅಕ್ಕಿ ಕೊಡಿ ಅಂತ್ಲೂ ಬರ್ಲಿಲ್ಲ, ಹುಡುಗೀನ ವಾಪಸ್ ಕೊಡಿ ಅಂತ್ಲೂ ಬರ್ಲಿಲ್ಲ. ನಿಂಗೆ ಅಕ್ಕಿ ಬೇಕಿತ್ತೋ, ಇವಳು ತೊಲಗಿದ್ರೆ ಸಾಕಾಗಿತ್ತೋ, ನಂಗೇನು ಗೊತ್ತು?"

ಅಷ್ಟು ವರ್ಷ ಆ ಮಾತನ್ನು ಅವಳು ಕೀಲಿಗೊಂಚಲಿನಂತೆ ಸೊಂಟದಲ್ಲೇ ಕಟ್ಟಿಕೊಂಡಿದ್ದಳು. ಅದನ್ನು ಬೊಮ್ಮಯ್ಯನ ಬಾಯಿಂದಲೇ, ಅಮ್ಮ ಅನ್ನ ಬಡಿಸುತ್ತಿರುವಾಗಲೇ ಹೊರಗೆ ಹಾಕಿಸಿದಳು. ನಾನು ಅಪ್ಪನ ಕಡೆ ತಿರುಗಿದೆ. ಅವರು ಈಗ ಏನಾದರೂ ಅನ್ನುತ್ತಾರೆ, ಎಲೆ ಬಿಟ್ಟು ಏಳುತ್ತಾರೆ ಅಂದುಕೊಂಡೆ. ಅಪ್ಪನ ಕತ್ತಿನ ನರ ಉಬ್ಬಿತು. ಆಮೇಲೆ ಅವರು ತಲೆ ತಗ್ಗಿಸಿ ಸಾರನ್ನ ಕಲಸತೊಡಗಿದರು.

ಅಮ್ಮ ತಿರುಗಿದ್ದು ಅಣ್ಣನ ಕಡೆಗೆ.

"ಅಣ್ಣಾ, ಮಂಜ ಎಲ್ಲಿ?"

"ಅನ್ನ ಸಾಕು ತಂಗಿ."

"ಮಂಜ ಎಲ್ಲಿ ಕೇಳ್ದೆ."

ಮಾವ ಎಲೆಯನ್ನೇ ನೋಡುತ್ತಿದ್ದರು. "ಅದೇ ಮಳೆಗಾಲ್ದಲ್ಲಿ ಹೋದ. ನೀನು ಬಂದು ತಿಂಗಳೂ ಆಗಿರ್ಲಿಲ್ಲ. ಅವ್ವಿನೂ ಅವನ ಹಿಂದೇ ಹೋಯ್ತು."

ಸೌಟು ತಪ್ಪಲೆಯೊಳಗೆ ಜಾರಿತು. ಅಮ್ಮ ಅದನ್ನು ಎತ್ತಿಕೊಳ್ಳಲಿಲ್ಲ.

"ಮತ್ತೆ ನನ್ನ ಕರ್ಕಂಡು ಹೋಗುಕೆ ಎಂತಕ್ಕೆ ಬರ್ಲಿಲ್ಲ? ಅಕ್ಕಿ ಬರ್ಲಿಲ್ಲ, ಮಂಜ ಇಲ್ಲ, ಅವ್ವಿ ಇಲ್ಲ. ನಾನು ಯಾರಿಗೋಸ್ಕರ ಇಲ್ಲಿರ್ಬೇಕಾಗಿತ್ತು?"

"ಎಂತ ಹೇಳುದು ತಂಗಿ. ನೀನು ಬಂದಿದ್ರೆ ಮತ್ತೊಂದು ಬಾಯಿ ಆಗ್ತಿತ್ತು. ನನ್ನೊಬ್ಬನ ಹೊಟ್ಟೆಗೇ ಇರ್ಲಿಲ್ಲ." ಮಾವ ತಲೆಯೆತ್ತಿ ಉಗ್ರಾಣದ ಮೂಟೆಗಳನ್ನು ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. "ಅಕ್ಕಿ ಮಂಡಿಯವರ ಮನೆ, ನೀನಾದ್ರೂ ದಿನಾ ಅನ್ನ ಉಂಡ್ಕಂಡು ಇದ್ಯಲೆ. ಅದೊಂದೇ ನನ್ನ ಸಮಾಧಾನ. ಹಸಿವಾದಾಗೆಲ್ಲ ಅದನ್ನೇ ನೆನಪು ಮಾಡ್ಕಣ್ತಿದ್ದೆ."

ನಾನು ಬಾಯಿ ತೆರೆದೆ. ಅಮ್ಮ ನನ್ನ ಕಡೆಗೊಂದು ನೋಟ ಬೀರಿದಳು, ನಾನು ಬಾಯಿ ಮುಚ್ಚಿಕೊಂಡೆ. ಅಜ್ಜಿ ಎಲೆ ಅಗಿಯುವುದನ್ನು ನಿಲ್ಲಿಸಿ, ಇವಳೇನು ಹೇಳುತ್ತಾಳೆ ಎಂದು ಕತ್ತು ಮುಂದೆ ಚಾಚಿದಳು.

"ಹೌದಣ್ಣ" ಅಂದಳು ಅಮ್ಮ. "ದಿನಾ ಉಣ್ತೆ."

ಅಜ್ಜಿ ನಕ್ಕಳು. ಕೆಂಪು ರಸ ತುಟಿಯ ಅಂಚಿಗೆ ಬಂತು. ಅದನ್ನು ಸೆರಗಿನಲ್ಲಿ ಒರೆಸಿಕೊಂಡು, "ಪಾಯಸ ಬಡ್ಸೇ" ಅಂದಳು. ಅಮ್ಮ ಪಾಯಸ ಬಡಿಸಿದಳು. ಮಾವ ಅದನ್ನೂ ಉಂಡರು. ಉಣ್ಣದೆ ಏಳಲು ಅವರಿಗೆ ಧೈರ್ಯ ಬರಲಿಲ್ಲ. ಹೋಗುವಾಗ ಗಂಟು ಬಿಚ್ಚಿ ಸಾರಿಗೆ ಹುಳಿಯಾಗಿ ಹಾಕುವ ಒಣಗಿದ ಮುರುಗಲ ಸಿಪ್ಪೆಯನ್ನು ಅಮ್ಮನ ಕೈಗೆ ಕೊಟ್ಟು, ನನ್ನ ತಲೆ ಸವರಿ, ಲಾರಿ ಹೊರಡುತ್ತದೆ ಎಂದು ಆತುರಾತುರವಾಗಿ ಬೀದಿಗೆ ಇಳಿದರು. ತಿರುವಿನ ತನಕ ಹಿಂದೆ ತಿರುಗಿ ನೋಡಲಿಲ್ಲ. ಮತ್ತೆ ಯಾವತ್ತೂ ಅವರು ಬರಲಿಲ್ಲ.

ಆ ಮಧ್ಯಾಹ್ನ ಅಮ್ಮ ಎಲೆ ತೆಗೆದಳು, ನೆಲ ಸಾರಿಸಿದಳು, ಪಾತ್ರೆ ಬೆಳಗಿದಳು. ಜಗುಲಿಗೆ ಬಂದು ಮೊರ ಹಿಡಿದು ಕೂತಳು. ನಾನು ಎಂದಿನಂತೆ ಅವಳ ಬೆನ್ನಿಗೆ ಆತುಕೊಂಡೆ. ನಾನೇ ಮೆಲ್ಲಗೆ, ಅಮ್ಮ, ನಿಮ್ಮೂರಿಂದು ಹೇಳಮ್ಮ ಅಂದೆ. ಯಾವ ಊರು ಎಂದು ಕೇಳಿ ಕಲ್ಲು ಆರಿಸತೊಡಗಿದಳು. ಬೇಲೆ, ಗಜನಿ, ಆಗಬೋಟು, ಉಪ್ಪಿನ ಬಂಡೆ, ಯಾವುದೂ ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ. ನಾನು ಇಲ್ಲಿ ಬರೆದದ್ದೆಲ್ಲ ಆ ದಿನಕ್ಕೆ ಮುಂಚೆ ಕೇಳಿದ್ದು. ಇವತ್ತು ತ್ಯಾಗರಾಜನಗರದ ನನ್ನ ಮನೆಯಲ್ಲಿ ಕೂತು ಕಣ್ಣು ಮುಚ್ಚಿದರೆ ನಾನೆಂದೂ ಕಾಲಿಡದ ಆ ಅಳಿವೆ ಕಾಣುತ್ತದೆ. ಆದರೆ ಅದರ ದಡದಲ್ಲಿ ನಿಂತವರ ವಯಸ್ಸು ಅಂದಿನಿಂದ ಮುಂದಕ್ಕೆ ಹೋಗಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕರೆದರು. ಅಜ್ಜಿಗೆ ಅವತ್ತಿನ ದಿನ ಚೆನ್ನಾಗಿ ಕಳೆದಿತ್ತು. ಅವಳು ಉದಾರಿಯಾಗಿದ್ದಳು.

"ಲೇ, ಇವತ್ತಿಂದ ನೀನೂ ಅನ್ನ ಹಾಕ್ಕೊ. ಇನ್ಯಾಕೆ? ಎಲ್ಲ ಗೊತ್ತಾಯ್ತಲ್ಲ."

"ಬೇಡ ಅತ್ತೆ" ಅಂದಳು ಅಮ್ಮ.

"ಸೊಕ್ಕು ನೋಡು. ಬೇಡದಿದ್ರೆ ಬಿಡು."

ನನ್ನ ತಟ್ಟೆಯಲ್ಲಿ ಅನ್ನವಿತ್ತು, ಅಜ್ಜಿ ಹಾಕಿದ ತುಪ್ಪ ಅದರ ಮೇಲೆ ಕರಗುತ್ತಿತ್ತು. ಮಧ್ಯಾಹ್ನ ಅಪ್ಪ ಏಳಲಿಲ್ಲ, ನಾನಾದರೂ ಏಳಬೇಕು ಅನ್ನಿಸಿತು. ತಟ್ಟೆಯನ್ನು ಕೈಯಿಂದ ದೂರ ತಳ್ಳಿ ಹೇಳಿದೆ:

"ನಂಗೂ ಅನ್ನ ಬೇಡ. ಇನ್ಮೇಲೆ ನಾನೂ ಅಮ್ಮನ ಜೊತೆ ಮುದ್ದೆ ತಿಂತೀನಿ."

ಅಮ್ಮ ಬಂದು ನನ್ನನ್ನು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಬಂದು ನನ್ನ ಕೆನ್ನೆಗೆ ಹೊಡೆದಳು. ಅದಕ್ಕೆ ಮುಂಚೆ ಅವಳು ನನ್ನ ಮೇಲೆ ಕೈಮಾಡಿದ್ದೇ ಇಲ್ಲ. ನಾನು ಹಿಂದಕ್ಕೆ ಬಿದ್ದೆ. ಅವಳು ನನ್ನ ಜಡೆ ಹಿಡಿದು ಎತ್ತಿ ಕೂರಿಸಿದಳು, ಎಡಗೈಯಿಂದ ದವಡೆ ಅಮುಕಿ ಬಾಯಿ ತೆರೆಸಿದಳು. ಬಲಗೈಯಿಂದ ತಟ್ಟೆಯ ಅನ್ನವನ್ನು ಬಾಚಿ ಬಾಯಿಗೆ ತುರುಕಿದಳು. ನುಂಗುವ ಮುಂಚೆಯೇ ಇನ್ನೊಂದು ಹಿಡಿ. ಅನ್ನ ಮೂಗಿಗೆ ಹತ್ತಿತು, ಗಲ್ಲದ ಮೇಲೆ ಚೆಲ್ಲಿತು. ಚೆಲ್ಲಿದ್ದನ್ನೂ ನೆಲದಿಂದ ಬಾಚಿ ತುರುಕಿದಳು. ಅವಳ ಉಗುರು ನನ್ನ ಒಸಡಿಗೆ ತಾಗಿ ರಕ್ತದ ರುಚಿ ಬಂತು.

"ಬಿಡೇ, ಮಗು ಸಾಯ್ತದೆ, ಬಿಡೇ!" ಎಂದು ಕೂಗಿದವಳು ಅಜ್ಜಿ. ಅವಳ ದನಿಯಲ್ಲಿ ಮೊದಲ ಸಲ ಹೆದರಿಕೆ ಕೇಳಿಸಿತು. ಅಪ್ಪ ಎದ್ದು ನಿಂತವರು ಅಲ್ಲೇ ಸೆಟೆದು ಬಿದ್ದರು. ಅಜ್ಜಿ ಕೀಲಿ ಬಿಚ್ಚುತ್ತ ಅವರ ಕಡೆಗೆ ಓಡಿದಳು. ಅಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಮುಖ ನನ್ನ ಮುಖದ ಹತ್ತಿರವಿತ್ತು, ಕಣ್ಣುಗಳು ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ಪ್ರತಿ ಹಿಡಿಗೂ ಅವಳು ಒಂದೇ ಮಾತು ಹೇಳುತ್ತಿದ್ದಳು, ಬೇಡಿಕೊಳ್ಳುವ ಹಾಗೆ. ನಾನು ಹೆಣ್ಣುಮಗು. ನನಗೆ ತಿನ್ನೇ ಅನ್ನಬೇಕು. ಅವಳು ಅನ್ನುತ್ತಿದ್ದದ್ದು ಬೇರೆ.

"ತಿನ್ನೋ. ತಿನ್ನೋ. ತಿನ್ನೋ."

ನಾನು ಅಳುವುದನ್ನು ನಿಲ್ಲಿಸಿದೆ. ಅವಳ ಕೈ ಸೋಲುವವರೆಗೂ ಬಾಯಿ ತೆರೆದುಕೊಂಡೇ ಕೂತೆ.